ಪಿಕಪ್ ಬದಲಾಯಿಸಬೇಕಾ? ಮೊದಲು ಸ್ಕ್ರೂಡ್ರೈವರ್ ಹುಡುಕಿ

ಗಿಟಾರ್ ರಿಪೇರಿ ನನ್ನ ಉದ್ಯೋಗವಲ್ಲ, ಹುಚ್ಚು. ಆದರೂ ಆಗಾಗ ಯಾರಾದರೂ ಇದನ್ನೇ ಕೇಳುತ್ತಾರೆ: "ಸರ್, ನನ್ನದು ಹತ್ತು ಸಾವಿರದ ಎಲೆಕ್ಟ್ರಿಕ್ ಗಿಟಾರ್. ಸೌಂಡ್ ಕಿವಿಗೆ ಚುಚ್ಚುತ್ತೆ. ಪಿಕಪ್ ಚೇಂಜ್ ಮಾಡಿಸ್ಲಾ?"

ಈಗಲೇ ಬೇಡ. ಮೊದಲು ಮನೆಯಲ್ಲಿರುವ ಸ್ಕ್ರೂಡ್ರೈವರ್ ಹುಡುಕಿ.

ಪಿಕಪ್ ಅಂದರೆ ಆಯಸ್ಕಾಂತ, ಅದರ ಸುತ್ತ ತಾಮ್ರದ ತಂತಿ. ಅಷ್ಟೇ. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರ್ ಮಾದರಿಯದಾದರೆ ತಲೆಗೂದಲಿನಷ್ಟು ತೆಳು ತಂತಿ, ಸುಮಾರು ಎಂಟು ಸಾವಿರ ಸುತ್ತು. ಮೇಲೆ ಉಕ್ಕಿನ ಸ್ಟ್ರಿಂಗ್ ಅಲುಗಾಡಿದರೆ ಈ ಕಾಯಿಲ್‌ನಲ್ಲಿ ಚೂರು ವೋಲ್ಟೇಜ್ ಹುಟ್ಟುತ್ತದೆ. ಹಾಗಾಗಿ ಸ್ಟ್ರಿಂಗ್‌ಗೂ ಪಿಕಪ್‌ಗೂ ನಡುವೆ ಎಷ್ಟು ಜಾಗವಿದೆ ಅನ್ನುವುದೇ ಅರ್ಧ ಕಥೆ. ಪಿಕಪ್‌ನ ಎರಡು ತುದಿಯ ಸ್ಕ್ರೂ ತಿರುಗಿಸಿದರೆ ಅದು ಮೇಲೆ ಕೆಳಗೆ ಹೋಗುತ್ತದೆ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಅದನ್ನು ಮುಟ್ಟಿಯೇ ಇರುವುದಿಲ್ಲ.

ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಗಳಿಗೆ ಫ್ರೆಟ್ ಅನ್ನುತ್ತಾರೆ. ಕೊನೆಯ ಫ್ರೆಟ್‌ನಲ್ಲಿ ಸ್ಟ್ರಿಂಗ್ ಒತ್ತಿ ಹಿಡಿದು ಆ ಜಾಗವನ್ನು ಅಳೆಯಿರಿ. ಸಿಂಗಲ್ ಕಾಯಿಲ್‌ಗೆ, ಅಂದರೆ ಒಂದೇ ಕಾಯಿಲ್ ಇರುವ ಪಿಕಪ್‌ಗೆ, ದಪ್ಪ ಸ್ಟ್ರಿಂಗ್ ಕಡೆ 3.2 ಮಿ.ಮೀ., ತೆಳು ಕಡೆ 2.4 ಮಿ.ಮೀ. ಅಲ್ಲಿಂದ ಶುರು ಮಾಡಿ, ಕಾಲು ಸುತ್ತು ತಿರುಗಿಸುತ್ತಾ ಕೇಳಿ. ಹತ್ತಿರ ತಂದಷ್ಟೂ ಸೌಂಡ್ ಜೋರು, ನಿಜ. ಆದರೆ ತೀರಾ ಹತ್ತಿರವಾದರೆ ಆಯಸ್ಕಾಂತ ಸ್ಟ್ರಿಂಗನ್ನೇ ಎಳೆಯತೊಡಗುತ್ತದೆ. ಪಿಕಪ್ ಹತ್ತಿರದ ಫ್ರೆಟ್‌ಗಳಲ್ಲಿ ನುಡಿಸಿದಾಗ ಶ್ರುತಿ ಅಲೆದಾಡುತ್ತದೆ. ಆಗ ಪಾಪ, ಬೈಸಿಕೊಳ್ಳುವುದು ಟ್ಯೂನರ್!

ಇನ್ನೂ ಚುಚ್ಚುತ್ತಿದೆಯಾ? ವಾಲ್ಯೂಮ್ ಪಾಟ್ ನೋಡಿ, ಅಂದರೆ ವಾಲ್ಯೂಮ್ ನಾಬ್‌ನ ಕೆಳಗಿರುವ, ತಿರುಗಿಸುವ ರೆಸಿಸ್ಟರ್. ಸಿಂಗಲ್ ಕಾಯಿಲ್‌ಗೆ ಸಾಮಾನ್ಯವಾಗಿ 250 ಕಿಲೋ ಓಮ್, ಎರಡು ಕಾಯಿಲ್ ಇರುವ ಹಂಬಕರ್‌ಗೆ 500. ಸಿಂಗಲ್ ಕಾಯಿಲ್‌ಗೆ 500 ಹಾಕಿದ್ದರೆ ಚುರುಕು ಜಾಸ್ತಿಯೇ ಇರುತ್ತದೆ. ಬೆಂಗಳೂರಿನವರಾದರೆ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್.ಪಿ. ರೋಡ್‌ನಲ್ಲಿ ಒಂದು ಸುತ್ತು ಹಾಕಿ. ಕೊಳ್ಳುವಾಗ 'ಲಾಗ್' ಪಾಟ್ ಅಂತಲೇ ಕೇಳಿ. ಲೀನಿಯರ್ ತಂದರೆ ನಾಬ್ ಎಷ್ಟು ತಿರುಗಿಸಿದರೂ ವಾಲ್ಯೂಮ್ ಇಳಿದಂತೆಯೇ ಅನಿಸುವುದಿಲ್ಲ, ಕೊನೆಗೆ ದಬಕ್ ಅಂತ ಬೀಳುತ್ತದೆ.

'ಗುಂಯ್' ಅನ್ನುವ ಸದ್ದಿಗೆ ಮಾತ್ರ ಇದು ಔಷಧಿಯಲ್ಲ. ಅದು ನಮ್ಮ ಮನೆಯ 50 ಹರ್ಟ್ಸ್ ಕರೆಂಟಿನ ಕಾಟ. ಅದನ್ನು ತಪ್ಪಿಸಲೆಂದೇ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಕಾಯಿಲ್‌ಗಳನ್ನು ಉಲ್ಟಾ ಜೋಡಿಸಿ ಹಂಬಕರ್ ಮಾಡಿದರು, 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು.

ಈ ಹಂಬಕರ್‌ನಲ್ಲೇ ನನಗೆ ತುಂಬಾ ಇಷ್ಟದ ಕೆಲಸವಿರುವುದು: ಆಯಸ್ಕಾಂತ ಬದಲಿಸುವುದು. ಅಗ್ಗದವುಗಳಲ್ಲಿ ಹೆಚ್ಚಾಗಿ ಸೆರಾಮಿಕ್ ಪಟ್ಟಿ ಇರುತ್ತದೆ. ಅದರ ಜಾಗಕ್ಕೆ ಅಲ್ನಿಕೋ 5 ಅನ್ನುವ ಮಿಶ್ರಲೋಹದ ಆಯಸ್ಕಾಂತ ಹಾಕಿದರೆ ಸೌಂಡ್ ಸ್ವಲ್ಪ ಮೆತ್ತಗಾಗುತ್ತದೆ. ಅಡಿಯ ನಾಲ್ಕು ಸ್ಕ್ರೂ ಸಡಿಲಿಸಿ, ಪಟ್ಟಿಯನ್ನು ಪಕ್ಕಕ್ಕೆ ಮೆಲ್ಲಗೆ ತಳ್ಳಿದರೆ ಹೊರಗೆ ಬರುತ್ತದೆ. ಬಿಚ್ಚುವ ಮೊದಲು ಮಕ್ಕಳ ದಿಕ್ಸೂಚಿಯನ್ನು ಸ್ಕ್ರೂ ಸಾಲಿನ ಹತ್ತಿರ ಹಿಡಿದು, ಮುಳ್ಳಿನ ಯಾವ ತುದಿ ಆ ಕಡೆ ತಿರುಗಿತು ಅಂತ ಬರೆದಿಟ್ಟುಕೊಳ್ಳಿ. ಹೊಸದು ಹಾಕಿದ ಮೇಲೂ ಅದೇ ತುದಿ ತಿರುಗಬೇಕು. ಇಲ್ಲದಿದ್ದರೆ ಎರಡೂ ಪಿಕಪ್ ಒಟ್ಟಿಗೆ ಹಾಕಿದಾಗ ಸೌಂಡ್ ಬಡಕಲಾಗಿ, ಮೂಗಿನಿಂದ ಬಂದ ಹಾಗೆ ಕೇಳುತ್ತದೆ.

ಕಾಯಿಲ್ ಮುಟ್ಟಲೇಬೇಡಿ. ನಾನು ಮುಟ್ಟಿದ್ದೆ. ಒಳಗೆ ಹೇಗಿದೆ ನೋಡೋಣ ಅಂತ ಟೇಪ್ ಕಿತ್ತೆ, ಟೇಪಿನ ಜೊತೆ ತಂತಿಯೂ ಬಂತು. ಅಲ್ಲಿಯವರೆಗೆ 8 ಕಿಲೋ ಓಮ್ ತೋರಿಸುತ್ತಿದ್ದ ಮೀಟರ್ 'ಓಎಲ್' ಅಂದಿತು, ಅಂದರೆ ತಂತಿ ತುಂಡಾಗಿದೆ. ಆ ಪಿಕಪ್ ಈಗಲೂ ನನ್ನ ಡ್ರಾಯರ್‌ನಲ್ಲಿ ಬಿದ್ದಿದೆ.

ಡಿಸ್ಟಾರ್ಷನ್ ಹಾಕಿದಾಗ ಕೀರಲು ಸದ್ದು ಬರುತ್ತಿದ್ದರೆ ಸಾಮಾನ್ಯವಾಗಿ ಕಾಯಿಲ್ ಸಡಿಲವಿದೆ ಎಂದರ್ಥ, ಮೇಣದಲ್ಲಿ ಅದ್ದಬೇಕು. ನಾಲ್ಕು ಪಾಲು ಪ್ಯಾರಾಫಿನ್, ಒಂದು ಪಾಲು ಜೇನುಮೇಣ. ಮೇಣದ ಪಾತ್ರೆಯನ್ನು ಬಿಸಿನೀರಿನಲ್ಲಿ ಇಡಿ, ನೇರ ಉರಿಯ ಮೇಲೆ ಮಾತ್ರ ಬೇಡ, ಬೆಂಕಿ ಹತ್ತಿಕೊಳ್ಳುತ್ತದೆ. ಥರ್ಮಾಮೀಟರ್ 65 ಡಿಗ್ರಿ ದಾಟಬಾರದು, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಗುಳ್ಳೆ ಬರುವುದು ನಿಂತ ಮೇಲೆ ತೆಗೆಯಿರಿ. ಅಡುಗೆಮನೆಯ ಪಾತ್ರೆ ಬಳಸಿದರೆ ಮುಂದಿನದ್ದಕ್ಕೆ ನಾನು ಜವಾಬ್ದಾರನಲ್ಲ.

ಇಷ್ಟಾದ ಮೇಲೂ ಮನಸ್ಸಿಗೆ ಹಿಡಿಸದಿದ್ದರೆ ಹೊಸ ಪಿಕಪ್ ಧಾರಾಳವಾಗಿ ಕೊಳ್ಳಿ. ಹಳೆಯದನ್ನು ಎಸೆಯಬೇಡಿ. ಮುಂದೆ ಗಿಟಾರ್ ಮಾರುವಾಗ ಅದನ್ನೇ ವಾಪಸ್ ಹಾಕಿ, ಹೊಸದನ್ನು ನೀವೇ ಇಟ್ಟುಕೊಳ್ಳಬಹುದು.