ನೂರಿಪ್ಪತ್ತು ಬೈ ಎಂಬತ್ತು

ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ, ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಪತ್ರ, ಈ ಮೂರೂ ಹನ್ನೊಂದು ತಿಂಗಳು ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ಕಬ್ಬಿಣದ ಬೀರುವಿನಲ್ಲಿದ್ದವು. ಸೇರಿದ ದಿನ ‘ಪರಿಶೀಲನೆಗೆ’ ಎಂದು ತೆಗೆದುಕೊಂಡಿದ್ದರು. ಪರಿಶೀಲನೆ ಅಷ್ಟು ದಿನ ಹಿಡಿಯುತ್ತದೆ ಎಂದು ನನಗೇನು ಗೊತ್ತು? ಎರಡು ವರ್ಷ ಬಿಡುವುದಿಲ್ಲ ಎಂಬ ಕಾಗದಕ್ಕೂ ಅದೇ ದಿನ ಸಹಿ ಹಾಕಿದ್ದೆ. ಓದದೆ ಹಾಕಿದೆ ಎಂದರೆ ಸುಳ್ಳಾಗುತ್ತದೆ. ಓದಿಯೇ ಹಾಕಿದೆ, ಕೆಲಸ ಬೇಕಿತ್ತು.

ಬಿಟ್ಟುಬಿಡಬೇಕು ಎಂದು ಮೊದಲ ಸಲ ಅನ್ನಿಸಿದ್ದು ಒಂಬತ್ತನೆಯ ದಿನ. ಒಬ್ಬ ಅಜ್ಜಿಗೆ ಕ್ಯಾನುಲಾ, ಅಂದರೆ ಡ್ರಿಪ್ ಏರಿಸುವ ಸಣ್ಣ ನಳಿಕೆ, ಹಾಕಲು ಹೋಗಿ ಮೂರು ಕಡೆ ಚುಚ್ಚಿದೆ. ವಯಸ್ಸಾದವರ ನರ ಚರ್ಮದಡಿ ಜಾರುತ್ತದೆ, ಕಣ್ಣಿಗೆ ಕಾಣುತ್ತದೆ, ಸೂಜಿಗೆ ಸಿಗುವುದಿಲ್ಲ. ಡಾಕ್ಟರು ರೌಂಡ್ಸಿನಲ್ಲಿ ಎಲ್ಲರ ಮುಂದೆ ಟ್ರೇ ತಳ್ಳಿ, “ಇವಳಿಗೆ ಪಾಸು ಮಾಡಿದವರು ಯಾರು?” ಎಂದರು. ಮೆಟ್ಟಿಲ ಮೇಲೆ ಕುಳಿತು ಅಮ್ಮನಿಗೆ ಫೋನ್ ಮಾಡಿ ಅತ್ತೆ. ಅಮ್ಮ ಹೇಳಿದ್ದು ಇಷ್ಟೆ: “ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ.” ತೀರ್ಥಹಳ್ಳಿ ಕಡೆಯ ಅಡಿಕೆ ಮನೆಗಳಲ್ಲಿ ಮದುವೆ, ಮನೆ ರಿಪೇರಿ, ಕೋರ್ಟು ಕೇಸು, ಎಲ್ಲದಕ್ಕೂ ಇದೇ ಉತ್ತರ.

ಕೊಯ್ಲು ಮುಗಿಯುವ ಹೊತ್ತಿಗೆ ನನಗೆ ನರ ಸಿಗುತ್ತಿತ್ತು. ಕಲಿಸಿದವರು ನಮ್ಮ ಇನ್‌ಚಾರ್ಜ್ ಸಿಸ್ಟರ್. “ಕಣ್ಣಿನಿಂದ ಹುಡುಕಬೇಡ, ಬೆರಳಿನಿಂದ ಹುಡುಕು. ಚರ್ಮವನ್ನು ಕೆಳಗೆಳೆದು ಹಿಡಿ, ಆಮೇಲೆ ಹಾಕು” ಎಂದು ನನ್ನ ಬೆರಳನ್ನೇ ಹಿಡಿದು ತೋರಿಸಿದ್ದರು. ಹಾಗಾಗಿ ಆ ಮೊದಲ ಮೂರು ತಿಂಗಳಲ್ಲಿ ಬಿಡಲಿಲ್ಲವಲ್ಲ ಎಂಬುದರ ಬಗ್ಗೆ ನನಗೆ ಈಗಲೂ ಬೇಸರವಿಲ್ಲ. ಆಗ ಕಷ್ಟವಾಗುತ್ತಿದ್ದದ್ದು ನನಗೆ ಬಾರದ ಕೆಲಸದಿಂದ, ಅದು ದಿನದಿನಕ್ಕೂ ಸ್ವಲ್ಪ ಸ್ವಲ್ಪ ಬರುತ್ತಲೂ ಇತ್ತು. ಬೈಗುಳಕ್ಕೆ ಕಿವಿ ಒಗ್ಗುತ್ತದೆ.

ಎರಡನೆಯ ಸಲ ಅನ್ನಿಸಿದ್ದು ಜುಲೈಯಲ್ಲಿ. ಅದು ಬೇರೆಯೇ ತರಹ.

ಮಲೆನಾಡಿನ ಮಳೆಗಾಲವೆಂದರೆ ಜನರಲ್ ವಾರ್ಡಿಗೆ ಜ್ವರದ ಕಾಲ. ಡೆಂಗಿ, ಇಲಿ ಜ್ವರ, ಟೈಫಾಯ್ಡ್, ಜೊತೆಗೆ ತೋಟದಲ್ಲಿ ಜಾರಿ ಬಿದ್ದವರು. ರಾತ್ರಿ ಪಾಳಿಯಲ್ಲಿ 26 ರೋಗಿಗಳಿಗೆ ನಾನೊಬ್ಬಳು, ಸಹಾಯಕ್ಕೆ ಒಬ್ಬಳು ಆಯಾ. ಜನರಲ್ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್, ಐಸಿಯುನಲ್ಲಿ ಒಬ್ಬರಿಗೆ ಒಬ್ಬರು ಎಂಬ ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಲೆಕ್ಕವನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು ನಾನು. ಬೆಳಗಿನ ಆರರೊಳಗೆ ಎಲ್ಲರ ಜ್ವರ, ನಾಡಿ, ಉಸಿರು, ಬಿಪಿ ಚಾರ್ಟಿನಲ್ಲಿರಬೇಕು. ಒಬ್ಬರಿಗೆ ನಾಲ್ಕು ನಿಮಿಷ ಎಂದರೂ 104 ನಿಮಿಷ. ಅದೇ ಹೊತ್ತಿಗೆ ಆಂಟಿಬಯಾಟಿಕ್, ರಕ್ತದ ಸ್ಯಾಂಪಲ್, ಮುಗಿದ ಡ್ರಿಪ್ಪು, ಕಿತ್ತುಹೋದ ಕ್ಯಾನುಲಾ.

ಆ ದಿನ ಐದೂಕಾಲಿಗೆ ಟೇಬಲ್ಲಿಗೆ ಕುಳಿತೆ. ಹನ್ನೊಂದು ಜನರದ್ದು ನೋಡಿರಲಿಲ್ಲ. ಪೆನ್ನು ತಾನೇ ಓಡಿತು. 120/80. ಮುಂದಿನವರಿಗೂ 120/80. ಎಲ್ಲರಿಗೂ ಒಂದೇ ಇದ್ದರೆ ಅನುಮಾನ ಬರುತ್ತದಲ್ಲ, ಹಾಗಾಗಿ ಮೂರನೆಯವರಿಗೆ 118/78 ಕೊಟ್ಟೆ. ಹಳೆಯ ಬಿಪಿ ರೋಗಿಗೆ 138/88. ನಾಡಿಯನ್ನು 76, 82, 78 ಎಂದು ಸ್ವಲ್ಪ ಏರಿಸಿ ಇಳಿಸಿದೆ. ಇಷ್ಟು ಚೆನ್ನಾಗಿ ಸುಳ್ಳು ಬರೆಯುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಒಂಬತ್ತನೆಯ ಹಾಸಿಗೆಯಲ್ಲಿ ಹೊಸನಗರ ಕಡೆಯ ಒಬ್ಬ ಕೊನೆಗೌಡರಿದ್ದರು, ಅಡಿಕೆ ಕೊನೆ ಕೊಯ್ಯುವವರು. ಕೊಳೆರೋಗದ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದವರು ಒದ್ದೆ ಮರದಿಂದ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದರು. ಪ್ರತಿ ಸಲವೂ ಬಿಪಿ ಎಷ್ಟು ಎಂದು ಕೇಳಿ, ಬಾಯಲ್ಲಿ ಎರಡು ಸಲ ಹೇಳಿಕೊಂಡು, ಸಂಜೆ ಮಗ ಬಂದಾಗ ಒಪ್ಪಿಸುವವರು. ನಾನು ಚಾರ್ಟ್ ನೇತುಹಾಕಲು ಹೋದಾಗ, “ತಂಗೀ, ಇವತ್ತು ಎಷ್ಟು ಬಂತು?” ಎಂದರು.

“126/82.”

“ಒಳ್ಳೆಯದಾಯಿತು” ಎಂದು ಮಗ್ಗುಲಾದರು. ತೋಳಿಗೆ ಪಟ್ಟಿ ಕಟ್ಟಲೇ ಇಲ್ಲವಲ್ಲ ಎಂದು ಅವರು ಕೇಳಲಿಲ್ಲ. ನಿದ್ದೆಯಲ್ಲಿದ್ದಾಗ ಬಂದು ನೋಡಿರಬೇಕು ಎಂದುಕೊಂಡಿರಬಹುದು.

ಹಿಂದಿರುಗಿ ಹೋಗಿ ಹನ್ನೊಂದು ಜನರದ್ದೂ ನೋಡಿದೆ. ಅವರದ್ದು 132/84. ಉಳಿದವರದ್ದೂ ಹೆಚ್ಚು ಕಡಿಮೆ ನಾನು ಬರೆದದ್ದರ ಆಸುಪಾಸು. ಯಾರಿಗೂ ಏನೂ ಆಗಿರಲಿಲ್ಲ. ಏನಾದರೂ ಆಗಿದ್ದರೆ ಆಯುಷ್ಯವಿಡೀ ಎಚ್ಚರವಾಗಿರುತ್ತಿದ್ದೆನೇನೋ. ಏನೂ ಆಗದೇ ಹೋದದ್ದರಿಂದ, ನಾಳೆಯೂ ಹೀಗೆಯೇ ಬರೆಯುತ್ತೇನೆ ಎಂಬುದು ಅಲ್ಲಿ ನಿಂತಲ್ಲೇ ಗೊತ್ತಾಗಿಬಿಟ್ಟಿತು.

ಇನ್‌ಚಾರ್ಜ್ ಸಿಸ್ಟರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಬಹುಶಃ ಉಳಿಯುತ್ತಿದ್ದೆ. ಅವರು ಫ್ಲಾಸ್ಕಿನಿಂದ ಅರ್ಧ ಲೋಟ ಕಾಫಿ ಬಗ್ಗಿಸಿ ಕೊಟ್ಟು, “ಮೊದಲ ಸಲ ಹಾಗೆಯೇ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು” ಎಂದರು. ನನಗೆ ನರ ಹುಡುಕಲು ಕಲಿಸಿದ ಕೈ ಅದು. ಕಾಫಿ ಕುಡಿದೆ. ಮಧ್ಯಾಹ್ನ ರೂಮಿಗೆ ಹೋಗಿ ರಾಜೀನಾಮೆ ಬರೆದೆ.

ಆಮೇಲೆ ಬುದ್ಧಿವಾದದ ಮಳೆ. ರೂಮಿನವಳು, “ಇನ್ನು ಒಂದೆರಡು ತಿಂಗಳು, ವರ್ಷ ತುಂಬಿಸು. ಅನುಭವ ಪತ್ರದಲ್ಲಿ ಒಂದು ವರ್ಷ ಎಂದಿದ್ದರೆ ಬೆಲೆಯೇ ಬೇರೆ” ಎಂದಳು. ಅವಳ ಮಾತಿನಲ್ಲಿ ತಪ್ಪಿಲ್ಲ, ಮುಂದೆ ಇಬ್ಬರು ಅದನ್ನೇ ಕೇಳಿ ನನ್ನನ್ನು ವಾಪಸು ಕಳುಹಿಸಿದರು. ಅಪ್ಪಯ್ಯ, ಎರಡು ವರ್ಷಕ್ಕೆ ಮೊದಲೇ ಬಿಟ್ಟರೆ ಕಟ್ಟಬೇಕಾದ ಕರಾರಿನ ದುಡ್ಡಿನ ಲೆಕ್ಕ ಹಾಕಿದರು. ನನ್ನ ಕೈಗೆ ತಿಂಗಳಿಗೆ ಬರುತ್ತಿದ್ದದ್ದು 12,500. ಸುಪ್ರೀಂ ಕೋರ್ಟಿನ ಸೂಚನೆಯ ಮೇಲೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20,000ಕ್ಕಿಂತ ಕಡಿಮೆ ಇರಬಾರದು ಎಂದು 2016ರಲ್ಲಿಯೇ ಶಿಫಾರಸು ಮಾಡಿತ್ತು. ಅದನ್ನು ನನಗೆ ಹೇಳಿದ್ದು ಕಾಲೇಜಿನ ಸೀನಿಯರ್ ಅಕ್ಕ ಒಬ್ಬರು. ಅವರೇ ಇನ್ನೊಂದು ಉಪಕಾರ ಮಾಡಿದರು: ಮೂಲ ದಾಖಲೆ ಹಿಂದಿರುಗಿಸಿ ಎಂದು ಬಾಯಲ್ಲಿ ಕೇಳಬೇಡ, ಎರಡು ಸಾಲು ಬರೆದು ಕೊಡು, ನಕಲಿನ ಮೇಲೆ ಸೀಲು ಹಾಕಿಸಿಕೋ ಎಂದರು. ಸೀಲು ಹಾಕುವಾಗ ಕಚೇರಿಯವರ ಮುಖ ಸ್ವಲ್ಪ ಬದಲಾಯಿತು.

ನೋಟಿಸಿನ ಒಂದು ತಿಂಗಳು ರಾತ್ರಿ ಮೂರೂವರೆಗೇ ಬಿಪಿ ನೋಡಲು ಶುರು ಮಾಡುತ್ತಿದ್ದೆ. ನಿದ್ದೆ ಕೆಡಿಸುತ್ತಾಳೆ ಎಂದು ರೋಗಿಗಳು ದೂರು ಕೊಟ್ಟರು. ಅದೂ ನ್ಯಾಯವೇ.

ಕೊನೆಯ ತಿಂಗಳ ಸಂಬಳ ಬರಲಿಲ್ಲ. ದಾಖಲೆಗಳು ಬಂದವು, ಮೂರನೆಯ ಸಲ ಹೋದಾಗ, ಅಂಕಪಟ್ಟಿಯ ಮೂಲೆಗೆ ಸ್ಟೇಪ್ಲರ್ ಪಿನ್ ಹೊಡೆದ ಎರಡು ತೂತಿನೊಂದಿಗೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಛತ್ರಿಯಡಿ ಎದೆಗವುಚಿಕೊಂಡು ತೀರ್ಥಹಳ್ಳಿ ಬಸ್ ಹತ್ತಿದೆ. ಗಾಜನೂರು ದಾಟುವವರೆಗೂ ಕವರಿನ ಮೇಲಿನ ಕೈ ತೆಗೆಯಲಿಲ್ಲ. ಮಂಡಗದ್ದೆಯಲ್ಲಿ ತುಂಗೆ ಕೆಂಪಗೆ ತುಂಬಿತ್ತು, ನಡುವಿನ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡಿನಲ್ಲಿ ಕುಳಿತು ನೆನೆಯುತ್ತಿದ್ದವು.

ಈಗ ಹನ್ನೆರಡು ಹಾಸಿಗೆಯ ಒಂದು ನರ್ಸಿಂಗ್ ಹೋಮಿನಲ್ಲಿದ್ದೇನೆ. ಸಂಬಳ ಒಂದು ಸಾವಿರ ಕಡಿಮೆ. ಬೈಗುಳ ಇಲ್ಲಿಯೂ ಉಂಟು.

ಹೋದ ಭಾನುವಾರ ಮನೆಯಲ್ಲಿ ಅಪ್ಪಯ್ಯನ ಬಿಪಿ ನೋಡಿದೆ. 148/94. ಅವರು ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿ, “120/80 ಎಂದು ಬರೆದುಬಿಡು ಮಗಳೇ, ಇಲ್ಲದಿದ್ದರೆ ನಿನ್ನ ಅಮ್ಮ ನನಗೆ ಅಪ್ಪೆಮಿಡಿ ಉಪ್ಪಿನಕಾಯಿ ಮುಟ್ಟಲೂ ಬಿಡುವುದಿಲ್ಲ” ಎಂದರು. ಕ್ಯಾಲೆಂಡರಿನಲ್ಲಿ 148/94 ಎಂದೇ ಬರೆದೆ. ರಾತ್ರಿಯ ಊಟಕ್ಕೆ ಅವರು ನನ್ನೊಡನೆ ಮಾತನಾಡಲಿಲ್ಲ.