ಸೊಂಟಕ್ಕೆ ಹಗುರ, ಕೈಗೆ ಭಾರ

12 ಜನವರಿ 2025, ಭಾನುವಾರ

ಕಾಗದಪತ್ರದ ಕೆಲಸವೆಲ್ಲ ಮುಗಿದು, ಬಟ್ಟೆಯಡಿ ಸೊಂಟದಲ್ಲಿ ಇಟ್ಟುಕೊಳ್ಳುವಂಥ ಚಿಕ್ಕ ಹೊಸ ಪಿಸ್ತೂಲು ಕೈಗೆ ಬಂತು. 9 ಮಿ.ಮೀ. ಗುಂಡಿನದು, ನಳಿಕೆ ಸುಮಾರು 80 ಮಿ.ಮೀ. ಉದ್ದ, ಗುಂಡು ತುಂಬುವ ಮ್ಯಾಗಜಿನ್‌ಗೆ 10 ಗುಂಡು, ಖಾಲಿ ಇದ್ದಾಗ ತೂಕ ಅರ್ಧ ಕಿಲೋ ಆಸುಪಾಸು. ಕಂಪನಿಯ ಹೆಸರು ಬರೆಯುವುದಿಲ್ಲ. ಹೆಸರು ಹೇಳಿದ ಕೂಡಲೇ ಮಾತು ಯಾವ ಕಂಪನಿ ಮೇಲು ಅನ್ನುವ ಜಗಳಕ್ಕೆ ತಿರುಗುತ್ತದೆ. ನನಗೆ ಬೇಕಿರುವುದು ಈ ಗಾತ್ರದ ಮಾತು.

ಇಷ್ಟು ಚಿಕ್ಕದರಲ್ಲಿ 10 ಗುಂಡು ಅನ್ನುವುದು ಈಗ ಮಾಮೂಲಿ. ಸ್ವಲ್ಪ ವರ್ಷದ ಹಿಂದೆ ಹಾಗಿರಲಿಲ್ಲ. 2015ರಲ್ಲಿ ಬಂದ ಗ್ಲಾಕ್ 43ರ ಮ್ಯಾಗಜಿನ್‌ಗೆ ಹಿಡಿಸುತ್ತಿದ್ದದ್ದು 6. ಮೂರು ವರ್ಷ ಬಿಟ್ಟು ಸಿಗ್ ಸಾವರ್ ಪಿ365 ಬಂತು, ಹೆಚ್ಚುಕಡಿಮೆ ಅದೇ ಗಾತ್ರದಲ್ಲಿ 10 ತುಂಬಿಸಿತು. ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಗುಂಡುಗಳು ಒಂದರ ಮೇಲೊಂದು ನೇರವಾಗಿ ನಿಲ್ಲುವ ಬದಲು ಸ್ವಲ್ಪ ಆಚೀಚೆ ಸರಿದು ಕೂರುತ್ತವೆ. ಉಪಾಯ ಅಷ್ಟೇ. ಎರಡು ಸಾಲಿನ ಮ್ಯಾಗಜಿನ್ ಹೊಸ ಸಂಗತಿಯೂ ಅಲ್ಲ. 1935ರ ಬ್ರೌನಿಂಗ್ ಹೈ-ಪವರ್‌ಗೇ 13 ಗುಂಡು ಹಿಡಿಸುತ್ತಿತ್ತು. ಆದರೆ ಅದು ದೊಡ್ಡ ಪಿಸ್ತೂಲು, ಬಟ್ಟೆಯಡಿ ಇಟ್ಟುಕೊಳ್ಳುವಂಥದ್ದಲ್ಲ.

ರಾತ್ರಿ ಕೂತು ಬಿಚ್ಚಿದೆ. ಮ್ಯಾಗಜಿನ್ ತೆಗೆದೆ, ಮೇಲೆ ಹಿಂದೆಮುಂದೆ ಜಾರುವ ಭಾಗವಾದ ಸ್ಲೈಡ್ ಎಳೆದು ಹಿಂದಕ್ಕೆ ನಿಲ್ಲಿಸಿದೆ, ಹಾರುವ ಮುಂಚೆ ಗುಂಡು ಕೂರುವ ಚೇಂಬರ್ ನೋಡಿದೆ, ಕಿರುಬೆರಳು ಹಾಕಿಯೂ ನೋಡಿದೆ. ಇದರಲ್ಲಿ ಬಿಚ್ಚಲು ಪಕ್ಕದಲ್ಲಿ ಒಂದು ಸಣ್ಣ ಸನ್ನೆ ಇದೆ. ಅದನ್ನು ತಿರುಗಿಸಿದರೆ ಸಾಕು, ಟ್ರಿಗರ್ ಎಳೆಯಬೇಕಿಲ್ಲ. ಗ್ಲಾಕ್ ತರಹದವುಗಳಲ್ಲಿ ಎಳೆದೇ ಬಿಚ್ಚಬೇಕು. ಸರಿಯಾಗಿ ಪರೀಕ್ಷೆ ಮಾಡುವವನಿಗೆ ಅದರಿಂದ ಅಪಾಯವೇನಿಲ್ಲ. ಆದರೂ ಎಳೆಯಬೇಕಾದ ಸಂದರ್ಭ ಒಂದು ಕಡಿಮೆ ಆದರೆ ಒಳ್ಳೆಯದೇ ಅಲ್ವಾ?

ಒಳಗೆ ಅಚ್ಚರಿ ಏನೂ ಇಲ್ಲ. ಗುಂಡು ಹಾರಿದಾಗ ನಳಿಕೆ ಮತ್ತು ಸ್ಲೈಡ್ ಒಟ್ಟಿಗೆ ಸ್ವಲ್ಪ ಹಿಂದೆ ಬರುತ್ತವೆ. ನಳಿಕೆಯ ಹಿಂಬದಿ ಕೆಳಕ್ಕೆ ಬಾಗಿ ಬೀಗ ಬಿಡುತ್ತದೆ. ಸ್ಲೈಡ್ ಒಂದೇ ಮುಂದುವರಿದು ಗುಂಡಿನ ಖಾಲಿ ಲೋಹದ ಕೇಸನ್ನು ಹೊರಗೆ ಎಸೆಯುತ್ತದೆ. ಬಂದೂಕು ರೂಪಿಸುತ್ತಿದ್ದ ಜಾನ್ ಬ್ರೌನಿಂಗ್ ನೂರು ವರ್ಷಕ್ಕೂ ಹಿಂದೆ ಹಾಕಿಕೊಟ್ಟ ದಾರಿ, ಇವತ್ತಿನ ಬಹುಪಾಲು ಪಿಸ್ತೂಲುಗಳು ಅದರಲ್ಲೇ ನಡೆಯುತ್ತಿವೆ. ಬೇರೆ ಅನ್ನಿಸಿದ್ದು ಸ್ಪ್ರಿಂಗ್ ಮಾತ್ರ. ಒಂದರೊಳಗೊಂದು ಎರಡು ಸ್ಪ್ರಿಂಗ್ ಇವೆ. ಇಷ್ಟೇ ಇಷ್ಟು ಜಾಗದಲ್ಲಿ ತುರುಕಿದ್ದಾರೆ.

ಕಾರ್ಖಾನೆಯ ಎಣ್ಣೆ ಒರೆಸಿ, ಜಾರುವ ಕಡೆ ಮಾತ್ರ ಹೊಸ ಎಣ್ಣೆ ಒಂದೊಂದು ಹನಿ ಹಾಕಿ, ಜೋಡಿಸಿ, ಬೀಗದ ಪೆಟ್ಟಿಗೆಯಲ್ಲಿಟ್ಟೆ.

19 ಜನವರಿ, ಭಾನುವಾರ

ಇವತ್ತು ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿಗೆ ಒಯ್ದೆ.

ಒದೆತ ಜೋರು ಅಂತ ಮೊದಲೇ ಗೊತ್ತಿತ್ತು. ಗುಂಡು ಅದೇ, ಮದ್ದು ಅದೇ, ಹಿಂದಕ್ಕೆ ತಳ್ಳುವ ನೂಕೂ ಹೆಚ್ಚುಕಡಿಮೆ ಅದೇ. ಆದರೆ ತಳ್ಳಿಸಿಕೊಳ್ಳುವ ತೂಕ ಅರ್ಧ ಕಿಲೋ ಚಿಲ್ಲರೆ. ತೂಕ ಅರ್ಧ ಆದರೆ ಹಿಂದೆ ಬರುವ ವೇಗ ಎರಡು ಪಟ್ಟು, ಕೈಗೆ ಬಡಿಯುವ ಶಕ್ತಿಯೂ ಎರಡು ಪಟ್ಟು. ಒಂದು ಕಿಲೋ ತೂಕದ ಉಕ್ಕಿನ ಪಿಸ್ತೂಲಿನಲ್ಲಿ ಮೆತ್ತಗೆ ಅನ್ನಿಸುವ ಗುಂಡೇ ಇಲ್ಲಿ ಚುರುಕ್ ಅನ್ನುತ್ತದೆ.

ಆದರೆ ನೋವು ದೊಡ್ಡ ವಿಷಯ ಅಲ್ಲ. ಕಿರುಬೆರಳಿಗೆ ಜಾಗ ಇಲ್ಲದಿರುವುದು ದೊಡ್ಡ ವಿಷಯ. ಚಿಕ್ಕ ಮ್ಯಾಗಜಿನ್ ಹಾಕಿದಾಗ ಹಿಡಿ ಅಲ್ಲಿಗೇ ಮುಗಿಯುತ್ತದೆ, ಕಿರುಬೆರಳು ಕೆಳಗೆ ಗಾಳಿಯಲ್ಲಿ ಇರುತ್ತದೆ. ಪಿಸ್ತೂಲು ಮೇಲಕ್ಕೆ ಎಗರದಂತೆ ಹಿಡಿದಿಡುವುದರಲ್ಲಿ ಕೆಳಗಿನ ಎರಡು ಬೆರಳಿನ ಪಾಲು ಜಾಸ್ತಿ. ಅದರಲ್ಲಿ ಒಂದನ್ನು ಕಿತ್ತುಕೊಂಡ ಹಾಗಾಯಿತು. ಮೂರ್ನಾಲ್ಕು ಗುಂಡು ಬೇಗ ಬೇಗ ಹಾರಿಸಿದರೆ ಹಿಡಿ ಕೈಯೊಳಗೇ ಒದ್ದೆ ಸೋಪಿನ ಹಾಗೆ ಜರುಗಿ, ಮೊದಲು ಹಿಡಿದ ರೀತಿಯೇ ಉಳಿದಿರುವುದಿಲ್ಲ. ಎಡಗೈ ಕೂರಲು ಸಿಗುವ ಜಾಗವೂ ಕಡಿಮೆ. ಕಿರುಬೆರಳು ಊರಲು ತಳದಲ್ಲಿ ಒಂದು ತುಟಿ ಇರುವ ಮ್ಯಾಗಜಿನ್ ಪೆಟ್ಟಿಗೆಯಲ್ಲೇ ಬಂದಿತ್ತು. ಹಾಕಿ ನೋಡಿದೆ. ಒಂದು ಸೆಂಟಿಮೀಟರ್ ವ್ಯತ್ಯಾಸ, ಅಷ್ಟೇ. ಪಿಸ್ತೂಲೇ ಬೇರೆ ಅನ್ನಿಸಿತು.

ಸದ್ದಿನ ಬಗ್ಗೆಯೂ ಬರೆಯಬೇಕು. ಯಾವುದೇ 9 ಮಿ.ಮೀ. ಪಿಸ್ತೂಲಿನ ಸದ್ದು 160 ಡೆಸಿಬಲ್ ಹತ್ತಿರ ಇರುತ್ತದೆ. 140 ದಾಟಿದ ಒಂದೇ ಒಂದು ಸದ್ದು ಕಿವಿಗೆ ಶಾಶ್ವತ ಪೆಟ್ಟು ಕೊಡಬಹುದು. ನಳಿಕೆ ಮೋಟಾದರೆ ಮದ್ದು ಒಂದಷ್ಟು ಹೊರಗೆ ಬಂದ ಮೇಲೆ ಉರಿಯುತ್ತದೆ, ಬೆಂಕಿಯೂ ಸದ್ದೂ ಮುಖಕ್ಕೆ ಹತ್ತಿರ. ಕಿವಿಯೊಳಗೆ ಪ್ಲಗ್ ಹಾಕಿ ಅದರ ಮೇಲೆ ಕಿವಿ ಮುಚ್ಚುವ ಮಫ್ ಹಾಕಿಕೊಂಡೇ ಹಾರಿಸಿ. ಮುಚ್ಚಿದ ರೇಂಜ್ ಆದರಂತೂ ಎರಡೂ ಬೇಕೇ ಬೇಕು. ಮುಗಿದ ಮೇಲೆ ಸೋಪು ಹಾಕಿ ಕೈ, ಮುಖ ತೊಳೆಯಿರಿ, ತಣ್ಣೀರಲ್ಲಿ. ಗುಂಡಿನ ಸೀಸ, ಮದ್ದಿಗೆ ಕಿಡಿ ಹಚ್ಚುವ ಪ್ರೈಮರಿನ ಸೀಸ ಎರಡೂ ಕೈಗೆ ಅಂಟಿರುತ್ತವೆ.

26 ಜನವರಿ, ಭಾನುವಾರ

ತಂಗಿ ಜೊತೆಗೆ ಬಂದಿದ್ದಳು. ಅವಳ ಹತ್ತಿರ ಇರುವುದು ಗ್ಲಾಕ್ 19. 15 ಗುಂಡಿನದು, 102 ಮಿ.ಮೀ. ನಳಿಕೆ. ಅದರ ಸ್ಲೈಡನ್ನು ಯಾವ ಕಷ್ಟವೂ ಇಲ್ಲದೆ ಎಳೆಯುತ್ತಾಳೆ. ನನ್ನದನ್ನು ಎಳೆಯಲು ಹೋದಳು, ಅರ್ಧದಲ್ಲೇ ನಿಂತಿತು.

"ಅಣ್ಣಾ, ಇಷ್ಟು ಚಿಕ್ಕದಕ್ಕೆ ಇಷ್ಟು ಬಿಗಿನಾ?"

"ಚಿಕ್ಕದಾಗಿರೋದಕ್ಕೇ ಬಿಗಿ ಕಣೇ."

ಸ್ಲೈಡ್ ಹಗುರ ಆದಷ್ಟೂ ಹಿಂದಕ್ಕೆ ಜೋರಾಗಿ ಓಡುತ್ತದೆ. ಓಡಲು ಇರುವ ದಾರಿಯೂ ಗಿಡ್ಡ. ಅಷ್ಟು ಚಿಕ್ಕ ದಾರಿಯಲ್ಲಿ ಅಷ್ಟು ಜೋರಾಗಿ ಬರುವುದನ್ನು ನಿಲ್ಲಿಸಿ ಮತ್ತೆ ಮುಂದಕ್ಕೆ ತಳ್ಳಬೇಕಾದರೆ ಸ್ಪ್ರಿಂಗ್ ಗಟ್ಟಿ ಇರಲೇಬೇಕು. ಅದಕ್ಕೇ ಆ ಎರಡು ಸ್ಪ್ರಿಂಗ್. ಎಳೆಯುವಾಗ ಬೆರಳಿಗೆ ಸಿಗುವ ಸ್ಲೈಡಿನ ಮೈಯೂ ಕಡಿಮೆ.

"ಹೆಂಗಸರ ಕೈಗೆ ಚಿಕ್ಕ ಪಿಸ್ತೂಲೇ ಸರಿ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಕೈಯಲ್ಲಿ ಕಸುವು ಕಡಿಮೆ ಇರುವವರಿಗೆ, ಹೊಸಬರಿಗೆ, ವಯಸ್ಸಾದವರಿಗೆ ಸುಲಭವಾಗುವುದು ಮಧ್ಯಮ ಗಾತ್ರದ್ದು. ಎಳೆಯಲು ಹಗುರ, ಒದೆತ ಕಡಿಮೆ, ಹಿಡಿಯಲು ಜಾಗ ಇದೆ. ಚಿಕ್ಕದನ್ನು ಪಳಗಿದವರು ತಗೊಳ್ಳಲಿ. ಅಂಗಡಿಯ ಗಾಜಿನಾಚೆ ನೋಡುವಾಗ ಇದು ಉಲ್ಟಾ ಕಾಣುತ್ತದೆ, ಅದೇ ತೊಂದರೆ.

ಆಮೇಲೆ ಅವಳಿಗೂ ಎಳೆಯಲು ಬಂತು. ಎಡಗೈಯಿಂದ ಸ್ಲೈಡನ್ನು ಬರೀ ಹಿಂದಕ್ಕೆ ಎಳೆಯುವ ಬದಲು, ಪಿಸ್ತೂಲನ್ನು ಎದೆಯ ಹತ್ತಿರ ತಂದು ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಎರಡೂ ಕೈ ಒಂದಕ್ಕೊಂದು ಎದುರಾಗಿ ಕೆಲಸ ಮಾಡುತ್ತವೆ. ಮೂತಿ ಮಾತ್ರ ಗುರಿಯ ಕಡೆಗೇ ಇರಬೇಕು. ಹೀಗೆ ಎದೆಯ ಹತ್ತಿರ ತಂದಾಗಲೇ ಅದು ಪಕ್ಕದವರ ಕಡೆ ತಿರುಗುವುದು.

9 ಫೆಬ್ರವರಿ, ಭಾನುವಾರ

ಇವತ್ತು ಹಾರಿಸುತ್ತಿದ್ದಾಗ ಪಿಸ್ತೂಲು ಮಧ್ಯದಲ್ಲೇ ನಿಂತಿತು, ಒಂದಕ್ಕಿಂತ ಹೆಚ್ಚು ಸಲ. ಎಲ್ಲವೂ ಒಂದೇ ರೀತಿ: ಮುಂದಿನ ಗುಂಡು ಚೇಂಬರಿಗೆ ಹೋಗುತ್ತದೆ, ಸ್ಲೈಡ್ ಮಾತ್ರ ಕಡೆಯ ಒಂದೆರಡು ಮಿ.ಮೀ. ಮುಚ್ಚುವುದಿಲ್ಲ. ಟ್ರಿಗರ್ ಒತ್ತಿದರೆ ಏನೂ ಆಗದು. ಪೂರ್ತಿ ಮುಚ್ಚದೆ ಹಾರಬಾರದು ಅಂತಲೇ ಮಾಡಿರುವ ವ್ಯವಸ್ಥೆ ಅದು, ಅದರ ಕೆಲಸ ಅದು ಮಾಡಿತು.

ಗುಂಡು ನಿಂತಾಗ ಎಲ್ಲರೂ ಮೊದಲು ಹೇಳುವುದು "ಮಣಿಕಟ್ಟು ಸಡಿಲ ಬಿಟ್ಟಿದ್ದೀಯ" ಅಂತ. ಸಡಿಲ ಬಿಟ್ಟರೆ ನಿಲ್ಲುವುದು ನಿಜ, ಚಿಕ್ಕ ಪಿಸ್ತೂಲಿನಲ್ಲಿ ಇನ್ನೂ ಜಾಸ್ತಿ. ಹಿಡಿ ಗಟ್ಟಿ ನಿಂತರೆ ತಾನೇ ಸ್ಲೈಡ್ ಅದರ ಮೇಲೆ ಪೂರ್ತಿ ಹಿಂದಕ್ಕೆ ಓಡುವುದು? ಹಿಡಿಯೂ ಜೊತೆಗೇ ಹಿಂದೆ ಬಂದರೆ ಓಟ ಅರ್ಧಕ್ಕೆ ನಿಲ್ಲುತ್ತದೆ. ಆದರೆ ಆಗ ಕಾಣುವ ಲಕ್ಷಣ ಬೇರೆ. ಖಾಲಿ ಕೇಸು ಹೊರಗೆ ಹೋಗದೆ ಬಾಯಲ್ಲಿ ಸಿಕ್ಕಿಕೊಂಡು ನೆಟ್ಟಗೆ ನಿಲ್ಲುತ್ತದೆ, ಇಲ್ಲ ಹೊಸ ಗುಂಡು ಮೇಲಕ್ಕೆ ಬರುವುದೇ ಇಲ್ಲ. ಇಲ್ಲಿ ಖಾಲಿ ಕೇಸು ಚೆನ್ನಾಗಿಯೇ ಹಾರಿ ಹೋಗಿದೆ. ಮುಂದಕ್ಕೆ ಬರುವಾಗ ಬಲ ಸಾಲದು, ಅಥವಾ ದಾರಿಯಲ್ಲಿ ಏನೋ ಉಜ್ಜುತ್ತಿದೆ.

ಗುಂಡು ಬದಲಾಯಿಸಿದೆ. ತಲೆ ದುಂಡಗಿರುವ, 8 ಗ್ರಾಂ ತೂಕದ ಬೇರೆ ಗುಂಡು ಹಾಕಿದಾಗ ಒಂದೂ ನಿಲ್ಲಲಿಲ್ಲ. ಮೊದಲಿನದನ್ನೇ ಮತ್ತೆ ಹಾಕಿದರೆ ಮತ್ತೆ ಅದೇ ಕಥೆ. ಅಲ್ಲಿಗೆ ಕಳ್ಳ ಸಿಕ್ಕಿದ ಅನ್ನಬಹುದು. ಆ ಗುಂಡನ್ನೇ ತಂಗಿಯ ಗ್ಲಾಕ್ ಗೊಣಗದೆ ತಿನ್ನುತ್ತದೆ.

ಈ ಗಾತ್ರದ ಗುಣವೇ ಇದು. ಎಲ್ಲಿಯೂ ಹೆಚ್ಚುವರಿ ಅನ್ನುವುದು ಇಲ್ಲ. ಸ್ಲೈಡಿನ ಓಟದಲ್ಲಿ ಹೆಚ್ಚುವರಿ ದಾರಿ ಇಲ್ಲ, ಅದರ ತೂಕದಲ್ಲಿ ಹೆಚ್ಚುವರಿ ನೂಕು ಇಲ್ಲ, ಹಿಡಿಯಲ್ಲಿ ಹೆಚ್ಚುವರಿ ಜಾಗ ಇಲ್ಲ. ದೊಡ್ಡ ಪಿಸ್ತೂಲಿನಲ್ಲಿ ಗುಂಡಿನ ಸಣ್ಣ ದೋಷ, ಕೈಯ ಸಣ್ಣ ದೋಷ, ಒಂದಿಷ್ಟು ಕೊಳೆ ಎಲ್ಲ ನುಂಗಿ ಹೋಗುತ್ತವೆ. ಇಲ್ಲಿ ಪ್ರತಿಯೊಂದೂ ಮೇಲೆ ಬಂದು ಕಾಣುತ್ತದೆ.

ಹೊಸದು ಸ್ವಲ್ಪ ಪಳಗಲಿ ಅಂತ ಇನ್ನೊಂದಿಷ್ಟು ಹಾರಿಸುತ್ತೇನೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವಾಗ ತುಂಬುವ ಗುಂಡನ್ನೇ ರೇಂಜಿನಲ್ಲೂ ಹಾರಿಸಿ ನೋಡಬೇಕು. ಆ ಗುಂಡಿಗೆ ದರ ಜಾಸ್ತಿ ಅಂತ ಬಹಳ ಜನ ಇದನ್ನು ಬಿಡುತ್ತಾರೆ. ತಲೆಯಲ್ಲಿ ಕುಳಿ ಇರುವ ಗುಂಡಿನ ಆಕಾರ ಬೇರೆ, ಚೇಂಬರಿಗೆ ಏರಿಸುವ ಇಳಿಜಾರಿಗೆ ಅದು ತಾಗುವ ರೀತಿಯೂ ಬೇರೆ. ದುಂಡು ತಲೆಯದು ಸಲೀಸಾಗಿ ಹೋಯಿತು ಅಂತ ಇದೂ ಹೋದೀತು ಅಂದುಕೊಳ್ಳುವ ಹಾಗಿಲ್ಲ.

11 ಫೆಬ್ರವರಿ, ಮಂಗಳವಾರ

ಹೋಲ್‌ಸ್ಟರ್ ಬಂತು. ಪಿಸ್ತೂಲಿನ ಒರೆ. ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದು, ಅಚ್ಚುಕಟ್ಟು. ನಾನು ನೋಡುವುದು ಮೂರೇ. ಟ್ರಿಗರ್ ಸುತ್ತಲಿನ ಭಾಗ ಪೂರ್ತಿ ಮುಚ್ಚಬೇಕು, ಪಿಸ್ತೂಲು ಹೊರತೆಗೆದ ಮೇಲೂ ಬಾಯಿ ಮಡಚಿಕೊಳ್ಳಬಾರದು, ತಲೆಕೆಳಗು ಮಾಡಿದರೂ ಪಿಸ್ತೂಲು ಜಾರಬಾರದು. ನನ್ನ ಪಿಸ್ತೂಲಿನಲ್ಲಿ ಕೈಯಿಂದ ಹಾಕುವ ಸೇಫ್ಟಿ ಇಲ್ಲ, ಹಾಗಾಗಿ ಮೊದಲನೆಯದರಲ್ಲಿ ರಾಜಿಯೇ ಇಲ್ಲ. ಅಪಘಾತಗಳು ಹೆಚ್ಚಾಗಿ ಆಗುವುದು ತೆಗೆಯುವಾಗಲ್ಲ, ವಾಪಸ್ ಇಡುವಾಗ. ಅಂಗಿಯ ಚುಂಗೋ ಜಾಕೆಟ್ಟಿನ ದಾರವೋ ಟ್ರಿಗರಿಗೆ ಸಿಕ್ಕಿಕೊಂಡಿರುತ್ತದೆ, ನಾವು ಒತ್ತಿ ತಳ್ಳುತ್ತೇವೆ. ವಾಪಸ್ ಇಡಲು ಯಾವ ಅವಸರವೂ ಇರುವುದಿಲ್ಲ. ನೋಡಿ ಇಟ್ಟರಾಯಿತು.

ಮನೆಯೊಳಗೇ ದಿನವಿಡೀ ಖಾಲಿ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಿದೆ. ಕೂತಾಗ ಚುಚ್ಚಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇದೆ ಅನ್ನುವುದೇ ಮರೆತಿತ್ತು. ಹೊಗಳಬೇಕಾದದ್ದನ್ನು ಹೊಗಳಬೇಕು: ಈ ವಿಷಯದಲ್ಲಿ ಇದಕ್ಕೆ ನೂರಕ್ಕೆ ನೂರು.

2 ಮಾರ್ಚ್, ಭಾನುವಾರ

ಒಂದಿಷ್ಟು ವಾರದ ಅಭ್ಯಾಸದ ಮೇಲೆ ಇವತ್ತು 10 ಮೀಟರಿನಲ್ಲಿ ನಿಧಾನಕ್ಕೆ ಗುರಿ ನೋಡಿ ಹಾರಿಸಿದೆ. ಪಿಸ್ತೂಲು ತಾನಾಗಿ ಚೆನ್ನಾಗಿಯೇ ಹೊಡೆಯುತ್ತದೆ. ಮೂಟೆಯ ಮೇಲೆ ಕೈ ಊರಿ ಹಾರಿಸಿದಾಗ ತೂತುಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ. ಕೈ ಚಾಚಿ ನಿಂತರೆ ಚದುರುತ್ತವೆ. ನಳಿಕೆ ಗಿಡ್ಡ ಇರುವುದಕ್ಕೆ ಗುರಿ ತಪ್ಪುತ್ತದೆ ಅನ್ನುವುದು ಹಳೆಯ ತಪ್ಪು ತಿಳಿವಳಿಕೆ. ತಪ್ಪಿಸುವುದು ಬೇರೆ ಎರಡು.

ಒಂದು, ಗುರಿ ನೋಡಲು ಸ್ಲೈಡಿನ ಮೇಲಿರುವ ಹಿಂದಿನ ಮತ್ತು ಮುಂದಿನ ಸೈಟ್ ನಡುವಿನ ದೂರ. ನನ್ನದರಲ್ಲಿ ಅದು 130 ಮಿ.ಮೀ. ಮುಂದಿನ ಸೈಟ್ ಒಂದೇ ಒಂದು ಮಿ.ಮೀ. ಆಚೀಚೆ ಆದರೆ 10 ಮೀಟರಿನಲ್ಲಿ ಗುಂಡು 77 ಮಿ.ಮೀ. ಆಚೆ ಹೋಗುತ್ತದೆ. ಆ ದೂರ 165 ಮಿ.ಮೀ. ಇರುವ ದೊಡ್ಡ ಪಿಸ್ತೂಲಿನಲ್ಲಿ ಅದೇ ತಪ್ಪಿಗೆ 61 ಮಿ.ಮೀ.

ಎರಡು, ಟ್ರಿಗರ್. ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಮೊದಲು ಸ್ವಲ್ಪ ಸಡಿಲವಾಗಿ ಹಿಂದೆ ಬರುತ್ತದೆ, ಒಂದು ಕಡೆ ತಡೆ ಸಿಗುತ್ತದೆ, ಅಲ್ಲಿಂದ ಒತ್ತಿದರೆ ಬಿಡುತ್ತದೆ. ಆ ಒತ್ತಡ ಎರಡೂವರೆ ಕಿಲೋ ಆಸುಪಾಸು. ಪಿಸ್ತೂಲಿನ ತೂಕ ಅರ್ಧ ಕಿಲೋ. ಅಂದರೆ ವಸ್ತುವಿನ ತೂಕದ ಐದು ಪಟ್ಟು ಬಲ ಅದರ ಮೇಲೆ ಹಾಕಿ, ಅದು ಅಲುಗಬಾರದು ಅಂತ ಬಯಸುತ್ತೇವೆ! ಬಲಗೈಯವರ ಗುಂಡು ಎಡಕ್ಕೆ, ಕೆಳಕ್ಕೆ ಇಳಿಯುವುದು ಇದರಿಂದಲೇ. ಇದಕ್ಕೆ ಗುಂಡು ಖರ್ಚು ಮಾಡಬೇಕಿಲ್ಲ. ಮನೆಯಲ್ಲಿ ಖಾಲಿ ಪಿಸ್ತೂಲಿಗೆ ಡಮ್ಮಿ ಗುಂಡು ಹಾಕಿ, ನಿಜವಾದ ಗುಂಡನ್ನು ಬೇರೆ ಕೋಣೆಯಲ್ಲಿಟ್ಟು, ದಿನಾ ಸ್ವಲ್ಪ ಹೊತ್ತು ಒತ್ತಿದರೆ ಸಾಕು. ಮುಂದಿನ ಸೈಟ್ ಅಲುಗಿದ್ದು ಕಣ್ಣಿಗೇ ಕಾಣುತ್ತದೆ.

ಹೀಗೆ ಅಭ್ಯಾಸಕ್ಕೆಂದು ದಿನಾ ಖಾಲಿ ಮಾಡಿ, ದಿನಾ ತುಂಬುವವರು ಒಂದು ನೋಡಿಕೊಳ್ಳಬೇಕು. ಅದೇ ಗುಂಡನ್ನು ಮತ್ತೆ ಮತ್ತೆ ಚೇಂಬರಿಗೆ ಏರಿಸಿದರೆ, ಇಳಿಜಾರಿಗೆ ಬಡಿದು ಬಡಿದು ಗುಂಡಿನ ತಲೆ ಕೇಸಿನೊಳಕ್ಕೆ ಕುಸಿಯುತ್ತದೆ. ಒಳಗಿನ ಜಾಗ ಕಡಿಮೆ ಆಗಿ ಹಾರಿಸಿದಾಗ ಒತ್ತಡ ಅಪಾಯಕಾರಿಯಾಗಿ ಏರುತ್ತದೆ. ಹೊಸ ಗುಂಡಿನ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಗಿಡ್ಡ ಕಂಡರೆ ಬೇರೆ ತೆಗೆದಿಡಿ.

ತಲೆಯಲ್ಲಿ ಕುಳಿ ಇರುವ ಗುಂಡನ್ನು ಇವತ್ತು ಮನಸೋಇಚ್ಛೆ ಹಾರಿಸಿದೆ. ತಡೆಯಿಲ್ಲದೆ ಹೋಯಿತು. ಮೊದಲು ಕೈಕೊಟ್ಟ ಗುಂಡೂ ಈಗ ಹೋಗುತ್ತಿದೆ, ಸ್ಪ್ರಿಂಗ್ ಸ್ವಲ್ಪ ಪಳಗಿರಬೇಕು. ಆದರೂ ಅದನ್ನು ಈ ಪಿಸ್ತೂಲಿಗೆ ಇನ್ನು ತರುವುದಿಲ್ಲ.

ಕಿರುಬೆರಳಿನ ತುಟಿಯ ಮ್ಯಾಗಜಿನ್ ಕಾಯಂ ಮಾಡಿದೆ. 15 ಹಿಡಿಸುವ ಉದ್ದದ್ದನ್ನೂ ತರಿಸುವ ಯೋಚನೆ ಇದೆ ಅಂದೆ. ತಂಗಿ ನಕ್ಕಳು.

"ಅಣ್ಣಾ, ಅದನ್ನ ಹಾಕಿದ್ರೆ ನನ್ನದರಷ್ಟೇ ಉದ್ದ ಆಗುತ್ತಲ್ಲ! ನನ್ನದನ್ನೇ ತಗೋಬಹುದಿತ್ತು."

ಅವಳ ಮಾತು ಸರಿಯೇ. ಬಟ್ಟೆಯಡಿ ಉಬ್ಬಿ ಕಾಣುವುದು ಹಿಡಿಯ ತುದಿ, ನಳಿಕೆಯಲ್ಲ. ನಳಿಕೆ ಹೇಗೂ ಪ್ಯಾಂಟಿನೊಳಗೆ ಇಳಿದಿರುತ್ತದೆ, ಅದು ಇನ್ನೂ ಎರಡು ಸೆಂಟಿಮೀಟರ್ ಉದ್ದ ಇದ್ದಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನನ್ನು ಕೇಳಿದ್ದರೆ ಇದೇ ಹಿಡಿಗೆ ಸ್ವಲ್ಪ ಉದ್ದದ ಸ್ಲೈಡ್ ಇಡಿ ಅನ್ನುತ್ತಿದ್ದೆ. ಸೈಟ್‌ಗಳ ನಡುವಿನ ದೂರವೂ ಸಿಗುತ್ತಿತ್ತು, ಸ್ಪ್ರಿಂಗಿಗೆ ಉಸಿರಾಡಲು ಜಾಗವೂ ಸಿಗುತ್ತಿತ್ತು. ಸದ್ಯಕ್ಕೆ ಉದ್ದ ಮ್ಯಾಗಜಿನ್ ಬಂದರೆ ರೇಂಜಿಗೆ, ಮತ್ತೆ ಬಿಡಿ ಮ್ಯಾಗಜಿನ್ ಆಗಿ ಚೀಲಕ್ಕೆ. ಸೊಂಟದಲ್ಲಿ ತುಟಿಯದ್ದೇ ಇರಲಿ.