ಒಂದೇ ಹೆಸರಿನ ಮೂವರು: ವಂಶವೃಕ್ಷಕ್ಕೆ ಮೊದಲು ಬಿಡಿಸಬೇಕಾದ ಗಂಟು

ವಂಶವೃಕ್ಷ ಬರೆಯಲು ಕೂತವರು ಸಾಮಾನ್ಯವಾಗಿ ದೊಡ್ಡ ಹಾಳೆ ಹರಡಿಕೊಂಡು, ತುದಿಯಲ್ಲಿ ಮುತ್ತಜ್ಜನ ಹೆಸರು ಬರೆದು, ಅಲ್ಲಿಂದ ಗೆರೆ ಎಳೆಯತೊಡಗುತ್ತಾರೆ. ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಮರಳಿ ಬರುವ ಮನೆತನದಲ್ಲಿ ಆ ಹಾಳೆ ಎರಡನೇ ನೆಂಟರ ಜತೆ ಮಾತಾಡುವಷ್ಟರಲ್ಲಿ ಕೆಟ್ಟುಹೋಗುತ್ತದೆ. ಒಬ್ಬರು ಹೇಳುವ ರಂಗಪ್ಪನಿಗೆ ಆರು ಮಕ್ಕಳು, ಇನ್ನೊಬ್ಬರ ರಂಗಪ್ಪನಿಗೆ ಮಕ್ಕಳೇ ಇಲ್ಲ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ರಂಗಪ್ಪಂದಿರೇ ಇಬ್ಬರು, ಅಥವಾ ಮೂವರು.

ಆದ್ದರಿಂದ ಮರ ಆಮೇಲೆ, ಮೊದಲು ಚೀಟಿ. ಪೋಸ್ಟ್‌ಕಾರ್ಡಿನಷ್ಟು ದೊಡ್ಡ ದಪ್ಪ ಕಾಗದ, ಒಬ್ಬ ವ್ಯಕ್ತಿಗೆ ಒಂದು. ಮೇಲೆ ಹೆಸರಿಗಿಂತ ಮೊದಲು ಒಂದು ಕ್ರಮಸಂಖ್ಯೆ. ಕೆಳಗೆ ಹೆಸರು, ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಯಾರ ಮಗ ಅಥವಾ ಮಗಳು, ಮದುವೆಯಾದದ್ದು ಯಾರನ್ನು, ಮಕ್ಕಳು ಹಿರಿಯರಿಂದ ಕಿರಿಯರವರೆಗೆ ಸಾಲಾಗಿ, ಬಾಳಿದ ಜಾಗ, ಹುಟ್ಟಿದ ಮತ್ತು ತೀರಿಕೊಂಡ ವರ್ಷ. ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ: ಇದನ್ನು ಹೇಳಿದವರು ಯಾರು, ಯಾವತ್ತು ಹೇಳಿದರು. ಆ ಸಾಲಿಲ್ಲದ ಚೀಟಿ ಒಂದು ವರ್ಷ ಕಳೆದರೆ ಗಾಳಿಮಾತಿಗೆ ಸಮ.

ಇದೇ ವ್ಯಕ್ತಿಯೋ ಅಲ್ಲವೋ ಎಂಬ ಅನುಮಾನ ಬಂದರೆ ಎರಡು ಚೀಟಿ ಬರೆಯಿರಿ. ಒಬ್ಬನನ್ನೇ ಇಬ್ಬರೆಂದು ಬರೆದಿದ್ದರೆ ಮುಂದೆ ಎರಡನ್ನೂ ಒಂದು ಮಾಡುವುದು ಗಳಿಗೆಯ ಕೆಲಸ. ಇಬ್ಬರನ್ನು ಒಬ್ಬನೆಂದು ಬರೆದುಬಿಟ್ಟರೆ, ಯಾವ ಮಾತು ಯಾವ ರಂಗಪ್ಪನದು ಎಂದು ಬಿಡಿಸಲು ಮತ್ತೆ ಎಲ್ಲರ ಬಳಿಗೂ ಹೋಗಬೇಕು. ಅಷ್ಟರಲ್ಲಿ ಹೇಳಿದವರೇ ಇಲ್ಲದಿರಬಹುದು.

ಸಂಖ್ಯೆ ಹಾಕುವ ಉಪಾಯ ಹಳೆಯದು. ಸಂಗೀತಗಾರ ಯೋಹಾನ್ ಸೆಬಾಸ್ಟಿಯನ್ ಬಾಖ್ 1735ರಲ್ಲಿ ತನ್ನ ಮನೆತನದ ಪಟ್ಟಿ ಬರೆದಾಗ 53 ಗಂಡಸರಿಗೂ ಒಂದೊಂದು ಸಂಖ್ಯೆ ಕೊಟ್ಟ. ಬೇರೆ ದಾರಿಯೂ ಇರಲಿಲ್ಲವೆನ್ನಿ: ಅವನ ಹಿರಿಯಣ್ಣನ ಹೆಸರು ಯೋಹಾನ್ ಕ್ರಿಸ್ಟೋಫ್, ತಂದೆಯ ಅವಳಿ ಸಹೋದರನದೂ ಯೋಹಾನ್ ಕ್ರಿಸ್ಟೋಫ್, ತಂದೆಯ ದಾಯಾದಿಯೊಬ್ಬನದೂ ಅದೇ.

ಈಗ ಬಳಕೆಯಲ್ಲಿರುವ ಪದ್ಧತಿಗಳಲ್ಲಿ ಎರಡು ಗೊತ್ತಿದ್ದರೆ ಸಾಕು. ಹಿಂದಕ್ಕೆ ಹೋಗುವಾಗ ನೀವು 1, ತಂದೆ 2, ತಾಯಿ 3. ಯಾರದೇ ತಂದೆಯ ಸಂಖ್ಯೆ ಅವರ ಸಂಖ್ಯೆಯ ಎರಡರಷ್ಟು, ತಾಯಿಯದು ಅದಕ್ಕೆ ಒಂದು ಹೆಚ್ಚು. 12 ಎಂದರೆ ತಾಯಿಯ ತಾಯಿಯ ತಂದೆ ಎಂದು ಬಾಯಿಗೆ ಬಂದುಬಿಡಬಹುದು. ಲೆಕ್ಕ ಹಾಕಿ: ತಾಯಿ 3, ಅವರ ತಂದೆ 6, ಆತನ ತಂದೆ 12. ನೋಡಿ, ಸಿಗುವುದು ತಾಯಿಯ ತಂದೆಯ ತಂದೆ. ತಾಯಿಯ ತಾಯಿ 7, ಅವರ ತಂದೆ 14. ಬಾಯಿಮಾತಿನಲ್ಲಿ ಜಾರುವುದನ್ನು ಸಂಖ್ಯೆ ಹಿಡಿದುಕೊಡುವುದು ಹೀಗೆಯೇ. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಒಬ್ಬರೇ ಎರಡು ಸಂಖ್ಯೆಗಳಲ್ಲಿ ಬರುತ್ತಾರೆ. ಅದು ತಪ್ಪಲ್ಲ, ಚೀಟಿಯ ಮೇಲೆ ಎರಡನ್ನೂ ಬರೆಯಿರಿ. ಮೂಲಪುರುಷನಿಂದ ಕೆಳಕ್ಕೆ ಬರುವಾಗ 1, 1.1, 1.2, 1.2.1 ಎಂದು ಚುಕ್ಕೆಯಿಟ್ಟು ಬರೆಯುವುದು ಸಲೀಸು. ಆದರೆ ಮರೆತುಹೋಗಿದ್ದ ಹಿರಿಯ ಮಗಳೊಬ್ಬಳು ಪತ್ತೆಯಾದರೆ ಆ ಕವಲಿನ ಚುಕ್ಕೆಸಂಖ್ಯೆಗಳೆಲ್ಲ ಬದಲಾಗುತ್ತವೆ. ಅದಕ್ಕೇ ಚೀಟಿಯ ಕ್ರಮಸಂಖ್ಯೆ ಬೇರೆ, ಎಂದಿಗೂ ಬದಲಾಗದ್ದು. ಈ ಪದ್ಧತಿಗಳ ಸಂಖ್ಯೆಗಳು ಅದರ ಪಕ್ಕದಲ್ಲಿ, ಪೆನ್ಸಿಲ್ಲಿನಲ್ಲಿ.

ಇನ್ನು ನೆಂಟರನ್ನು ಕೇಳುವ ವಿಷಯ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಬೇಡಿ. ದೊಡ್ಡ ದನಿಯವರು ಹೇಳಿದ್ದೇ ಎಲ್ಲರ ನೆನಪಾಗಿಬಿಡುತ್ತದೆ. ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೇಳಿ, ಒಪ್ಪಿದರೆ ಮೊಬೈಲಿನಲ್ಲಿ ದನಿ ಹಿಡಿದಿಟ್ಟುಕೊಳ್ಳಿ, ಕಡೆಯಲ್ಲಿ ಬೇಕಾದರೆ ಒಟ್ಟಿಗೆ ಕೂರಿಸಿ. "ರಂಗಪ್ಪ ನಿಮ್ಮ ಅಜ್ಜನ ತಮ್ಮ ಅಲ್ಲವೇ ಅತ್ತೆ?" ಎಂದರೆ ಹೂಂ ಎಂಬ ಉತ್ತರ ಬಂದೇ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. "ನಿಮಗೆ ಗೊತ್ತಿದ್ದ ರಂಗಪ್ಪಂದಿರು ಎಷ್ಟು ಜನ?" ಎಂದು ಶುರು ಮಾಡಿ. ಆಮೇಲೆ ಪ್ರತಿಯೊಬ್ಬನಿಗೂ: ಹೆಂಡತಿ ಯಾರು, ಅವನನ್ನು ನೀವು ಕಣ್ಣಾರೆ ಕಂಡಿದ್ದಿರಾ ಅಥವಾ ಕೇಳಿದ್ದೇ, ಇಬ್ಬರೂ ಎದುರಿಗಿದ್ದಾಗ ಯಾರನ್ನು ಏನೆಂದು ಕರೆಯುತ್ತಿದ್ದರು. ಈ ಕೊನೆಯ ಪ್ರಶ್ನೆಗೆ ಬೆಲೆ ಕಟ್ಟಲಾಗದು. ಒಂದೇ ಸೂರಿನಡಿ ಇಬ್ಬರು ಒಂದೇ ಹೆಸರಿನವರು ಇದ್ದರೆ ಮನೆಯವರು ದೊಡ್ಡವನು, ಚಿಕ್ಕವನು, ಕುಂಟ, ಕೆಂಚ ಎಂದು ಏನಾದರೊಂದು ಗುರುತು ಮಾಡಿಕೊಂಡೇ ಇರುತ್ತಾರೆ.

ಸಂಬಂಧದ ಮಾತುಗಳನ್ನೂ ಬಿಡಿಸಿ ಕೇಳಬೇಕು. ಅಣ್ಣ ಎಂದವರು ಒಡಹುಟ್ಟಿದವನನ್ನೂ ಹೇಳಿರಬಹುದು, ದೊಡ್ಡಪ್ಪನ ಮಗನನ್ನೂ ಹೇಳಿರಬಹುದು. ಅಜ್ಜ ಎಂದರೆ ಎಷ್ಟೋ ಸಲ ಅಜ್ಜನ ತಮ್ಮ. ಪ್ರತಿ ಸಂಬಂಧವನ್ನೂ "ಯಾರ ಹೊಟ್ಟೆಯಲ್ಲಿ ಹುಟ್ಟಿದವನು" ಎಂಬಲ್ಲಿಗೆ ತಂದು ನಿಲ್ಲಿಸಿ. ಹೆಂಗಸರ ಕಡೆಯನ್ನು ಬಿಟ್ಟವರು ಈ ಗಂಟನ್ನು ಬಿಡಿಸಲಾರರು ಎಂಬುದು ನನ್ನ ಅಭಿಪ್ರಾಯ: ಮೂವರು ರಂಗಪ್ಪಂದಿರ ಹೆಂಡತಿಯರಿಗೂ ಒಂದೇ ಹೆಸರಿರುವುದು ಅಪರೂಪ.

ಹೆಸರು ಯಾಕೆ ಮರಳುತ್ತದೆ ಎಂಬುದು ಗೊತ್ತಿದ್ದರೆ ಎಲ್ಲಿ ಹುಡುಕಬೇಕೆಂಬುದೂ ಗೊತ್ತಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ರೂಢಿಯಿತ್ತು. ಇಂಥ ರೂಢಿ ಇರುವೆಡೆ ನಾಲ್ವರು ಅಣ್ಣತಮ್ಮಂದಿರೂ ತಮ್ಮ ಹಿರಿಮಗನಿಗೆ ಒಂದೇ ಅಜ್ಜನ ಹೆಸರಿಟ್ಟರೆ, ಹೆಚ್ಚುಕಡಿಮೆ ಒಂದೇ ವಯಸ್ಸಿನ, ಒಂದೇ ಹೆಸರಿನ ನಾಲ್ವರು ದಾಯಾದಿಗಳು. ಎಲ್ಲಕ್ಕಿಂತ ಕಠಿಣವಾದ ಗಂಟು ಇದೇ.

ಇನ್ನೊಂದು ಕಾರಣ, ತೀರಿಕೊಂಡ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದು. ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಹುಟ್ಟಿದ್ದು 1853ರ ಮಾರ್ಚ್ 30ರಂದು. ಸರಿಯಾಗಿ ಒಂದು ವರ್ಷದ ಹಿಂದೆ ಅದೇ ದಿನ ಸತ್ತೇ ಹುಟ್ಟಿದ ಅಣ್ಣನ ಹೆಸರೂ ವಿನ್ಸೆಂಟ್. ಅವರ ಅಜ್ಜ ವಿನ್ಸೆಂಟ್, ದೊಡ್ಡಪ್ಪನೂ ವಿನ್ಸೆಂಟ್ (ಮನೆಯಲ್ಲಿ ಕರೆಯುತ್ತಿದ್ದದ್ದು ಸೆಂಟ್ ಎಂದು), ತಮ್ಮ ಥಿಯೋನ ಮಗ 1890ರಲ್ಲಿ ಹುಟ್ಟಿದ ವಿನ್ಸೆಂಟ್ ವಿಲೆಮ್. ವರ್ಷ ಬಿಟ್ಟು ಬರೀ ಹೆಸರಿನಿಂದ ಈ ಮನೆತನದ ಮರ ಬರೆದು ನೋಡಿ.

ವರ್ಷ ಗೊತ್ತಿಲ್ಲದಿದ್ದರೂ ಗಡಿ ಹಾಕಬಹುದು. "ಇವರ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು" ಎಂಬ ಒಂದು ಮಾತು ಸಾಕು, ಆ ಮದುವೆ 1948ರಲ್ಲಿ ಎಂದು ಗೊತ್ತಿದ್ದರೆ "1948 ಅಥವಾ ಅದಕ್ಕೆ ಮೊದಲು" ಎಂದು ಬರೆದುಕೊಳ್ಳಲು. ಆಮೇಲೆ ಚೀಟಿಗಳನ್ನು ಲೆಕ್ಕಕ್ಕೆ ಒಡ್ಡಿ. ಒಂದು ಶತಮಾನಕ್ಕೆ ಮೂರರಿಂದ ನಾಲ್ಕು ತಲೆಮಾರು. ತಂದೆಗೂ ಮಗನಿಗೂ 55 ವರ್ಷ ಅಂತರ ಬಂದರೆ ನಡುವೆ ಅದೇ ಹೆಸರಿನ ಇನ್ನೊಬ್ಬ ಕಳೆದುಹೋಗಿರುವ ಸಾಧ್ಯತೆ ಇದೆ. ತಾಯಿಗೆ 50 ದಾಟಿದ ಮೇಲೆ ಹುಟ್ಟಿದ ಮಗು ಎಂದರೆ ಎರಡನೇ ಹೆಂಡತಿಯನ್ನು ಹುಡುಕಿ. ಇಬ್ಬರು ಒಡಹುಟ್ಟಿದವರ ನಡುವೆ ಐದೇ ತಿಂಗಳಿದ್ದರೆ, ಎರಡು ಸಂಸಾರಗಳು ಒಂದರಲ್ಲಿ ಸೇರಿಕೊಂಡಿವೆ, ಇಲ್ಲವೇ ತಾರೀಖು ತಪ್ಪು.

ಕಾಗದಪತ್ರ ಸಿಕ್ಕಿತೆಂದು ಕಣ್ಣುಮುಚ್ಚಿ ನಂಬಬೇಡಿ. ಮರಣ ದಾಖಲೆಯಲ್ಲಿ ಸಾವಿನ ದಿನ ಗಟ್ಟಿ, ಹುಟ್ಟಿದ ವರ್ಷ ಮಾತ್ರ ಬರೆಸಿದವರ ಅಂದಾಜು. ವಯಸ್ಸು 40, 45, 50 ಎಂದು ದುಂಡಗಿದ್ದರೆ ಐದು ವರ್ಷ ಆಚೆಈಚೆ ಬಿಡಿ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಸೀನಿಯರ್, ಜೂನಿಯರ್ ಎಂದಿದ್ದರೆ ತಂದೆಮಗ ಎಂದು ಗೆರೆ ಎಳೆದುಬಿಡುವವರಿದ್ದಾರೆ. ಒಂದೇ ಊರಿನಲ್ಲಿದ್ದ ಹಿರಿಯ, ಕಿರಿಯ ಎಂಬಷ್ಟೇ ಅರ್ಥ ಅಲ್ಲಿರಬಹುದು. ಹಿರಿಯವನು ಸತ್ತ ಮೇಲೆ ಜೂನಿಯರ್ ಎನಿಸಿಕೊಂಡಿದ್ದವನೇ ಸೀನಿಯರ್ ಆಗುವುದೂ ಉಂಟು.

ಹೇಳಿಕೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಎರಡನ್ನೂ ಬರೆದಿಡಿ, ಒಂದನ್ನು ಒರೆಸಬೇಡಿ. ಕಣ್ಣಾರೆ ಕಂಡವರ ಮಾತಿಗೆ ತೂಕ ಹೆಚ್ಚು; ಒಬ್ಬರಿಂದಲೇ ಕೇಳಿಕೊಂಡ ಮೂವರ ಮಾತು ಮೂರು ಸಾಕ್ಷಿಯಲ್ಲ, ಒಂದೇ.

ಚೀಟಿಗಳು ಒಂದು ಹದಕ್ಕೆ ಬಂದ ಮೇಲೆ ಕಂಪ್ಯೂಟರಿಗೆ ಹಾಕಿ, ಜೆಡ್‌ಕಾಮ್ (GEDCOM) ಎಂಬ ಕಡತದ ಮಾದರಿಯಲ್ಲಿ ಉಳಿಸಿಕೊಳ್ಳಿ. ವಂಶಾವಳಿಯ ಬಹುತೇಕ ತಂತ್ರಾಂಶಗಳು ಅದನ್ನು ಓದುತ್ತವೆ. ಆನ್‌ಲೈನ್ ಮರಗಳು "ಇವರಿಬ್ಬರೂ ಒಬ್ಬರೇ ಇರಬಹುದು, ಸೇರಿಸಲೇ?" ಎಂದು ಕೇಳುತ್ತಲೇ ಇರುತ್ತವೆ. ಹೆಸರು, ಸಂಗಾತಿ, ಹೆತ್ತವರು, ಕಾಲ ನಾಲ್ಕೂ ಹೊಂದುವವರೆಗೆ ಬೇಡ ಎನ್ನಿ, ಮತ್ತು ಸೇರಿಸುವ ಮುನ್ನ ಕಡತದ ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ. ಬದುಕಿರುವವರ ಹುಟ್ಟಿದ ದಿನ, ವಿಳಾಸಗಳನ್ನು ಹಂಚುವ ಪ್ರತಿಯಿಂದ ತೆಗೆದುಹಾಕಿ. ಬಿಡಿಸಲಾಗದ ರಂಗಪ್ಪನೊಬ್ಬ ಉಳಿದರೆ ಅವನನ್ನು ಯಾವ ಕೊಂಬೆಗೂ ಅಂಟಿಸದೆ, ಸಂಖ್ಯೆಯ ಸಮೇತ ಪಕ್ಕದಲ್ಲೇ ಬಿಡಿಯಾಗಿ ಇಟ್ಟು, ಮರದ ಪ್ರತಿಯನ್ನು ನೆಂಟರಿಗೆ ಕಳಿಸಿ. "ಇವನು ಯಾರು?" ಎಂಬ ಪ್ರಶ್ನೆಚಿಹ್ನೆ ಕಂಡರೆ ಫೋನ್ ಮಾಡುವವರು ಒಬ್ಬರಾದರೂ ಇರುತ್ತಾರೆ.